ಗುಣವಾದವಳ ತಲೆನೋವು

ವಿದ್ಯಾವತಿಯ ತಲೆನೋವು ಎಲ್ಲರ ಲೆಕ್ಕದಲ್ಲಿ ಗುಣವಾದದ್ದು ಒಂದು ಫೆಬ್ರವರಿಯ ಗುರುವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಗುಣಪಡಿಸಿದವನು ಅವಳ ಮೈದುನ ಸುನೀಲಕುಮಾರ.

ಅದಕ್ಕೆ ಮೊದಲು ಹದಿನಾಲ್ಕು ವರ್ಷ ಆ ನೋವು ಅವಳ ಜೊತೆಗೇ ಇತ್ತು. ಮಗಳು ಹುಟ್ಟಿದ ವರ್ಷ ಶುರುವಾದದ್ದು. ಮೊದಲು ಎಡಗಣ್ಣಿನ ಅಂಚಿನಲ್ಲಿ ಬಳೆಚೂರುಗಳ ಹಾಗೆ ಏನೋ ಮಿಣುಕುತ್ತಿತ್ತು. ಗೊಬ್ಬೂರಿನ ಪ್ರೌಢಶಾಲೆಯಲ್ಲಿ ಅವಳು ಗಣಿತ ಕಲಿಸುತ್ತಿದ್ದಳು. ಆ ಹೊತ್ತಿನಲ್ಲಿ ಕರಿಹಲಗೆಯ ಮೇಲೆ ತಾನೇ ಬರೆದ ಸಮೀಕರಣದ ಅರ್ಧ ಭಾಗ ಅವಳಿಗೇ ಕಾಣಿಸುತ್ತಿರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಮಿಣುಕು ಹೋಗಿ ಎಡಗಡೆಯ ಕಣತಲೆಯಲ್ಲಿ ಬಡಿತ ಏಳುತ್ತಿತ್ತು. ಆಮೇಲೆ ಬೆಳಕು ಬೇಡ, ಸದ್ದು ಬೇಡ, ಪಕ್ಕದ ಮನೆಯ ಒಗ್ಗರಣೆಯ ವಾಸನೆಯೂ ಬೇಡ. ಒಂದು ದಿನ, ಕೆಲವೊಮ್ಮೆ ಎರಡು ದಿನ, ಹೊಟ್ಟೆ ತೊಳಸಿ ತೊಳಸಿ ಬಂದು, ಕೊನೆಗೆ ಯಾರೋ ಗುಂಡಿ ಒತ್ತಿ ನಿಲ್ಲಿಸಿದ ಹಾಗೆ ನಿಂತುಬಿಡುತ್ತಿತ್ತು.

ಮನೆಯವರು ಸುಮ್ಮನೆ ಕೂತವರಲ್ಲ. ಪಿತ್ತವೆಂದು ಜೀರಿಗೆ ಕಷಾಯ ಕುಡಿಸಿದ್ದರು, ದೃಷ್ಟಿಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದರು, ಕನ್ನಡಕ ಎರಡು ಸಲ ಬದಲಾಯಿಸಿದ್ದರು. ಒಬ್ಬರ ಮಾತು ಕೇಳಿ ಒಂದು ದವಡೆಹಲ್ಲನ್ನೂ ಕೀಳಿಸಿದ್ದರು. ಹಲ್ಲು ಪೂರಾ ಗಟ್ಟಿಯಾಗಿತ್ತು ಎಂದು ಕಿತ್ತವನೇ ಆಮೇಲೆ ಹೇಳಿದ. ಅಫಜಲಪುರದಲ್ಲಿ ಗೊಬ್ಬರ ಮತ್ತು ಬೀಜದ ಅಂಗಡಿ ನಡೆಸುವ ಅವಳ ಗಂಡ ಅನೀಲಕುಮಾರ ಒಳ್ಳೆಯ ಮನುಷ್ಯ. ತಲೆನೋವು ಬಂದಾಗ ಕೋಣೆಯ ಬಾಗಿಲು ತಾನೇ ಮುಚ್ಚುತ್ತಿದ್ದ. ಹತ್ತು ನಿಮಿಷಕ್ಕೊಮ್ಮೆ ಅದನ್ನು ತೆರೆದು, ಕಡಿಮೆ ಆಯಿತೇ ಎಂದು ಕೇಳುತ್ತಿದ್ದ.

ಇಂಥ ಮನೆಗೆ ಸುನೀಲಕುಮಾರ ಪುಣೆಯಿಂದ ಬಂದ. ಫಿಜಿಯೋಥೆರಪಿ ಓದಿದವನು, ಅದರ ಮೇಲೆ ಎಂಟು ತಿಂಗಳು ಕೈರೋಪ್ರ್ಯಾಕ್ಟಿಕ್, ಅಂದರೆ ಬೆನ್ನು ಕುತ್ತಿಗೆಯ ಎಲುಬನ್ನು ಕೈಯಿಂದಲೇ ಕೂಡಿಸುವ ತರಬೇತಿ ಮುಗಿಸಿದ್ದ. ಬಸ್ ನಿಲ್ದಾಣದ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದು, ಮುಖ ಇಡಲು ತೂತಿರುವ ಒಂದು ಮೇಜನ್ನು ಟೆಂಪೊದಲ್ಲಿ ತರಿಸಿದ. ಹಲಗೆಯ ಮೇಲೆ ಬರೆಸಿದ್ದ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಎಲುಬಿನಿಂದ ಬರುವ ಸದ್ದು ಹಿಡಿದು ಊರು ಅದನ್ನು ಕಟಕ್ ದವಾಖಾನಿ ಎಂದು ಕರೆಯಿತು. ಅವನು ಮೋಸಗಾರನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ರೋಗಿಯ ಬೆನ್ನು ಮುಟ್ಟುವ ಮೊದಲು ಕೈ ಬಿಸಿ ಮಾಡಿಕೊಳ್ಳುತ್ತಿದ್ದ, ಬಂದವರ ಕಥೆಯನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದ, ತಾನು ಕಲಿತದ್ದನ್ನು ಪೂರ್ತಿ ನಂಬಿದ್ದ. ತೊಂದರೆ ಆದದ್ದು ಆ ನಂಬಿಕೆಯಿಂದಲೇ.

ಆ ಗುರುವಾರದ ಹಿಂದಿನ ಎರಡು ದಿನ ವಿದ್ಯಾವತಿ ಹಾಸಿಗೆ ಹಿಡಿದಿದ್ದಳು. ಬೆಳಿಗ್ಗೆ ಎದ್ದಾಗ ನೋವು ಮುಕ್ಕಾಲು ಪಾಲು ಇಳಿದಿತ್ತು, ಕುತ್ತಿಗೆ ಮಾತ್ರ ಕಟ್ಟಿಗೆಯ ಹಾಗೆ ಬಿಗಿದಿತ್ತು. ಸುನೀಲ ಅವಳನ್ನು ಮೇಜಿನ ಮೇಲೆ ಮಲಗಿಸಿ, ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಾತಾಡುತ್ತ ಮಾತಾಡುತ್ತಲೇ ಸರಕ್ಕನೆ ತಿರುಗಿಸಿದ. ಕಟಕ್ ಎಂದಿತು. ಅವಳಿಗೆ ಹಗುರವೆನಿಸಿತು. ಅದು ಸುಳ್ಳಲ್ಲ. ಆದರೆ ಎರಡು ದಿನದ ನೋವಿನ ಮೇಲೆ ಯಾರು ಕುತ್ತಿಗೆ ಮುಟ್ಟಿದರೂ ಹಗುರವೆನಿಸುತ್ತಿತ್ತೋ ಏನೋ ಎಂಬ ಯೋಚನೆ ಆಗ ಯಾರಿಗೂ ಬರಲಿಲ್ಲ. ಹತ್ತೊಂಬತ್ತು ದಿನ ತಲೆನೋವು ಬರಲಿಲ್ಲ. ಹಿಂದೆಯೂ ಹೀಗೆ ಇಪ್ಪತ್ತು ದಿನ ಬಾರದೆ ಹೋದದ್ದುಂಟು, ಆದರೆ ಆಗ ಎಣಿಸುವವರಿರಲಿಲ್ಲ.

ಹತ್ತನೆಯ ದಿನಕ್ಕೆ ಬಸ್ ನಿಲ್ದಾಣದ ಎದುರು ಬ್ಯಾನರ್ ಎದ್ದಿತು. ಯಾವುದೋ ಮದುವೆಯಲ್ಲಿ ಇಳಕಲ್ಲ ಸೀರೆ ಉಟ್ಟು ನಕ್ಕಿದ್ದ ವಿದ್ಯಾವತಿಯ ಫೋಟೊ, ಅದರ ಕೆಳಗೆ ಹದಿನಾಲ್ಕು ವರ್ಷದ ಮೈಗ್ರೇನ್ ಹದಿನಾಲ್ಕು ನಿಮಿಷದಲ್ಲಿ ಮಾಯ ಎಂಬ ಸಾಲು. ಸುನೀಲನಿಗೆ ಇದರಿಂದ ಸ್ವಲ್ಪ ಮುಜುಗರವಾಯಿತು. ನಿಜಕ್ಕೂ ಹಿಡಿದದ್ದು ಹನ್ನೊಂದು ನಿಮಿಷ. ಬ್ಯಾನರಿನವನಿಗೆ ಎರಡು ಹದಿನಾಲ್ಕು ಚಂದ ಕಂಡಿತ್ತು.

ಇಪ್ಪತ್ತನೆಯ ದಿನ ಎಂಟನೆಯ ತರಗತಿಯಲ್ಲಿ ಬಳೆಚೂರು ಮತ್ತೆ ಮಿಣುಕಿತು.

ತಲೆನೋವು ಮತ್ತೆ ಬಂತೆಂದು ಅವಳು ಮನೆಗೆ ಬಂದು ಹೇಳಿದಳು. ಅನೀಲಕುಮಾರ ಯೋಚಿಸಿ, ಅದು ತಲೆನೋವಲ್ಲ, ಬಿಸಿಲಿನ ದಣಿವು ಎಂದ. ಸುನೀಲ ಕಳವಳದಿಂದ ದವಾಖಾನಿಗೆ ಕರೆದುಕೊಂಡು ಹೋಗಿ ಕುತ್ತಿಗೆ ತಿರುಗಿಸಿದ. ಮುಂದಿನ ವಾರ ಮತ್ತೆ ಬಂತು, ಮತ್ತೆ ತಿರುಗಿಸಿದ. ಪ್ರತಿ ಸಲವೂ ಅವನು ಪರೀಕ್ಷೆಯ ಫಲಿತಾಂಶ ನೋಡಲು ಬಂದ ವಿದ್ಯಾರ್ಥಿಯ ಹಾಗೆ ಅವಳ ಮುಖ ನೋಡುತ್ತ ನಿಲ್ಲುತ್ತಿದ್ದ, ಅವಳು ಪಾಸು ಮಾಡುತ್ತಿದ್ದಳು. ಐದನೆಯ ಸಲ ಕುತ್ತಿಗೆ ತಿರುಗಿದಾಗ ಅವಳಿಗೆ ಒಂದು ಗಳಿಗೆ ಕೋಣೆಯೇ ತಿರುಗಿದಂತಾಯಿತು. ಅಂದಿನಿಂದ ಅವಳು ಹೇಳುವುದನ್ನೇ ಬಿಟ್ಟಳು.

ಬಿಟ್ಟ ಮೇಲೆ ಬದುಕು ಸುಲಭವಾಗುತ್ತದೆಂದು ಅಂದುಕೊಂಡಿದ್ದಳು. ಗೊಬ್ಬೂರಿನ ಬಸ್ಸಿನ ಕಂಡಕ್ಟರ್ ಟಿಕೆಟು ಕೊಡುವಾಗಲೇ ಟೀಚರ್ ತಲೆ ಹೇಗಿದೆ ಎಂದು ಕೇಳುತ್ತಿದ್ದ. ಆರಾಮ ಎಂದು ಅವಳು ಹೇಳಬೇಕಾಗುತ್ತಿತ್ತು, ಕೆಲವು ದಿನ ಬಾಯಿ ತೆರೆದರೆ ವಾಂತಿಯಾಗುತ್ತದೆಂಬ ಹೆದರಿಕೆಯಲ್ಲೇ. ಮೊದಲೆಲ್ಲ ತಲೆನೋವಿಗೆ ಶಾಲೆಯಲ್ಲಿ ಅರ್ಧ ದಿನ ರಜೆ ಸಿಗುತ್ತಿತ್ತು. ಈಗ ಹೆಡ್ ಮಾಸ್ಟರ್ ಅವಳನ್ನೇ ಕರೆದು ತಮ್ಮ ಸೊಂಟನೋವಿಗೆ ಸುನೀಲನ ಬಳಿ ಸಮಯ ಕೊಡಿಸಿಕೊಳ್ಳುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ನೋವು ತಡೆಯಲಾರದೆ ಅವಳು ಜೋಳದ ಚೀಲಗಳನ್ನು ಇಡುವ ಕೋಣೆ ಹೊಕ್ಕಳು. ಅದಕ್ಕೆ ಕಿಟಕಿಯಿಲ್ಲ. ಎರಡು ಚೀಲಗಳ ನಡುವೆ ಸೆರಗು ಮುಚ್ಚಿಕೊಂಡು ಕೂತವಳಿಗೆ ಬಾಗಿಲು ಸದ್ದಿಲ್ಲದೆ ತೆರೆದು ಮುಚ್ಚಿದ್ದು ತಿಳಿಯಿತು. ಬಂದವರು ದೀಪ ಹಾಕಲಿಲ್ಲ, ಏನಾಯಿತೆಂದು ಕೇಳಲಿಲ್ಲ. ಒದ್ದೆ ಮಾಡಿ ಹಿಂಡಿದ ಬಟ್ಟೆಯೊಂದು ಸರಿಯಾಗಿ ಅವಳ ಕಣ್ಣಿನ ಮೇಲೆ ಬಂದು ಕೂತಿತು. ಅತ್ತೆ ಸುಭದ್ರಾಬಾಯಿ.

ಸುಭದ್ರಾಬಾಯಿ ಆ ಓಣಿಯಲ್ಲಿ ತಮ್ಮ ಮೌನಕ್ಕೆ ಹೆಸರಾದವರು. ಮಾವ ಕಲ್ಯಾಣಪ್ಪನವರು ಇದ್ದ ಕಾಲದಿಂದಲೂ ತಿಂಗಳಲ್ಲಿ ಎರಡು ಮೂರು ದಿನ ಅವರು ವಿಭೂತಿ ಹಚ್ಚಿಕೊಂಡು ದೇವರ ಕೋಣೆ ಸೇರಿ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಿದ್ದರು. ಮಾತಿಲ್ಲ, ಊಟವಿಲ್ಲ, ತಲೆಯ ಮೇಲೆ ಒದ್ದೆ ಬಟ್ಟೆ. ಅದಕ್ಕೆ ಅಮವಾಸ್ಯೆ ಹುಣ್ಣಿಮೆಯ ಲೆಕ್ಕವೂ ಇರಲಿಲ್ಲ. ಒಳಗಿನಿಂದ ಅಪ್ಪಣೆ ಬಂದಾಗ ಕೂರುತ್ತಾರೆ ಎಂದು ಮಂದಿ ಹೇಳುತ್ತಿದ್ದರು. ಆ ದಿನಗಳಲ್ಲಿ ಮಕ್ಕಳು ಓಣಿಯಲ್ಲಿ ಕೂಗುತ್ತಿರಲಿಲ್ಲ, ಹೊರಗೆ ಹೋಗುವ ಹೆಂಗಸರು ಹೊಸ್ತಿಲು ಮುಟ್ಟಿ ನಮಸ್ಕರಿಸಿ ಹೋಗುತ್ತಿದ್ದರು. ಐವತ್ತೈದು ದಾಟಿದ ಮೇಲೆ ಆ ಮೌನ ಕಡಿಮೆಯಾಗುತ್ತ ನಿಂತುಹೋಗಿತ್ತು. ಸಿದ್ಧಿಯಾಯಿತು ಎಂದು ಓಣಿ ತೀರ್ಮಾನಿಸಿತ್ತು.

ಕತ್ತಲಲ್ಲಿ ಸೊಸೆಯ ಪಕ್ಕ ಕೂತು ಸುಭದ್ರಾಬಾಯಿ ಪಿಸುಮಾತಿನಲ್ಲಿ ಕೇಳಿದರು.

"ಕಣ್ಣ ಮುಂದ ಚಕಮಕಿ ಬಂದು ಹೋತೇನು?"

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹುಚ್ಚೆಂದಾರು ಎಂದು. ಬಟ್ಟೆ ಸರಿಸಿ ಅತ್ತೆಯ ಕಡೆ ನೋಡಿದಳು.

"ನಿಮಗ ಹ್ಯಾಂಗ ಗೊತ್ರಿ ಅತ್ತಿ?"

ಸುಭದ್ರಾಬಾಯಿ ಬಟ್ಟೆಯನ್ನು ಮತ್ತೆ ಅವಳ ಕಣ್ಣಿನ ಮೇಲೆ ಸರಿಮಾಡಿದರು. ಆಮೇಲೆ ಹೇಳಿದರು. ಮದುವೆಯಾಗಿ ಬಂದ ವರ್ಷ ತಲೆನೋವೆಂದು ಮಲಗಿದ್ದಕ್ಕೆ ಅವರ ಅತ್ತೆ, ರೊಟ್ಟಿ ಬಡಿಯುವ ಹೊತ್ತಿಗೇ ಇವಳಿಗೆ ತಲೆ ನೋಯುತ್ತದೆ ಎಂದಿದ್ದರಂತೆ. ಒಂದು ದಿನ ನೋವಿಗೆ ಮಾತೇ ಹೊರಡದೆ ದೇವರ ಕೋಣೆಯಲ್ಲಿ ಗೋಡೆಗೆ ಹಣೆ ಹಚ್ಚಿ ಕೂತಿದ್ದರು. ನೋಡಿದ ಅತ್ತೆ ಧ್ಯಾನವೆಂದು ತಿಳಿದು ಸದ್ದು ಮಾಡದೆ ಹೊರಟುಹೋದರು, ಅಂದಿನ ರೊಟ್ಟಿಯನ್ನೂ ತಾವೇ ಬಡಿದರು.

"ತಲಿ ನೋಯಾಕತ್ತದ ಅಂದ್ರ ಮಂದಿ ನೆವ ಅಂತಾರ," ಎಂದರು ಸುಭದ್ರಾಬಾಯಿ. "ಮೌನ ಅಂದ್ರ ಕೈ ಮುಗೀತಾರ. ಮೂವತ್ತು ವರ್ಷ ನಾ ಹಾಂಗೇ ದಾಟೀನಿ."

ಮೂವತ್ತು ವರ್ಷ ಅದೇ ನೋವನ್ನು ತಾವೂ ಉಂಡು, ಹದಿನಾಲ್ಕು ವರ್ಷ ಒಂದೇ ಒಲೆಯ ಮುಂದೆ ಇದ್ದೂ, ಇವರು ಅವಳಿಗೆ ಜೀರಿಗೆ ಕಷಾಯ ಕುಡಿಸಿದ್ದರು. ಸಿಟ್ಟು ಬರಬೇಕಿತ್ತು. ನೋವಿನಲ್ಲಿ ಅದಕ್ಕೂ ಶಕ್ತಿಯಿರಲಿಲ್ಲ. ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ಹೀಗೆ ವಿದ್ಯಾವತಿಗೂ ಮೌನ ಹತ್ತಿತು. ಓಣಿಯವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅತ್ತೆಯದು ಸೊಸೆಗೆ ಬಂದಿದೆ ಎಂದರು. ಒಂದು ರೀತಿಯಲ್ಲಿ ಅದು ನಿಜವಾಗಿತ್ತು, ಅವರು ತಿಳಿದ ರೀತಿಯಲ್ಲಿ ಅಲ್ಲ. ತಲೆನೋವು ಗುಣವಾಯಿತೆಂದು ನಿಂತುಹೋಗಿದ್ದ ರಜೆಯನ್ನು ಹೆಡ್ ಮಾಸ್ಟರ್ ಈಗ ಮೌನಕ್ಕೆ ಕೊಟ್ಟರು. ಅನೀಲಕುಮಾರ ಬಾಗಿಲು ತೆರೆದು ಕೇಳುವುದನ್ನು ನಿಲ್ಲಿಸಿದ. ತಲೆನೋವು ಬಂದಾಗ ನೆಮ್ಮದಿಯಾಗಿ ನರಳಲು ಬದುಕಿನಲ್ಲಿ ಮೊದಲ ಸಲ ಅವಳಿಗೆ ಸಾಧ್ಯವಾಯಿತು.

ಆದರೆ ಅವಳು ಗಣಿತದವಳು. ಕಾರಣ ತಿಳಿಯದೆ ಅಪ್ಪಣೆ ಎಂದು ಕೂರುವುದು ಅವಳಿಂದ ಆಗಲಿಲ್ಲ. ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ, ಬ್ಯಾನರ್ ಎದ್ದ ಮೇಲಿನದನ್ನು ಮೊದಲು ನೆನಪಿನಿಂದ ತುಂಬಿಸಿ, ನೋವು ಬಂದ ದಿನ, ಎಷ್ಟು ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಬೆಳಗಿನ ತಿಂಡಿ, ಬಿಸಿಲು, ಮುಟ್ಟಿನ ದಿನ ಎಲ್ಲವನ್ನೂ ಬರೆಯತೊಡಗಿದಳು. ಎರಡು ತಿಂಗಳಿಗೆ ಕೆಲವು ಸಂಗತಿ ತಾವಾಗಿ ಎದ್ದು ಕಂಡವು. ತಿಂಡಿ ಬಿಟ್ಟು ಬಸ್ಸು ಹಿಡಿದ ದಿನಗಳು. ನಿದ್ದೆ ಕೆಟ್ಟ ಮರುದಿನ. ಹವಳಗಾದ ಕಡೆಯಿಂದ ಗಾಳಿ ಬೀಸಿ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಹೊತ್ತು ತಂದ ದಿನಗಳು. ಎಲ್ಲವೂ ಅವಳ ಕೈಯಲ್ಲಿರಲಿಲ್ಲ, ಕೆಲವು ಇದ್ದವು. ತಿಂಡಿ ತಿನ್ನತೊಡಗಿದಳು. ತಿಂಗಳಿಗೆ ಎಂಟು ಬರುತ್ತಿದ್ದದ್ದು ಆರಾಯಿತು.

ಭಾನುವಾರಗಳಂದು ಸುನೀಲ ಅವಳನ್ನು ದವಾಖಾನಿಯ ಹೊರಕೋಣೆಯಲ್ಲಿ ಕೂರಿಸುತ್ತಿದ್ದ, ಗುಣವಾದವರನ್ನು ಕಂಡರೆ ಬಂದವರಿಗೆ ಧೈರ್ಯ ಬರಲಿ ಎಂದು. ತನ್ನ ಕಥೆ ಹೇಳಲು ನಾಲಿಗೆ ಏಳದೆ ಅವಳು ಬಂದವರ ಕಥೆ ಕೇಳತೊಡಗಿದಳು. ಕೇಳುತ್ತ ಕೇಳುತ್ತ ಅವರಿಗೂ ಒಂದೊಂದು ನೋಟ್‌ಬುಕ್ಕು ಕೊಟ್ಟು ಬರೆಯಿರಿ ಎನ್ನುತ್ತಿದ್ದಳು. ಆಳಂದದಿಂದ ಬರುತ್ತಿದ್ದ ಟೇಲರ್ ಖಮರ ಮದುವೆ ಹಂಗಾಮಿನಲ್ಲಿ ಮಧ್ಯಾಹ್ನದ ಊಟವನ್ನೇ ಮರೆಯುತ್ತಿದ್ದಳೆಂದು ಅವಳದೇ ಬರಹದಿಂದ ತಿಳಿಯಿತು. ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವ ಸಕ್ಕುಬಾಯಿಗೆ ಅಕ್ಷರ ಬಾರದು. ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ ನುಂಗಿದ ದಿನ ಒಂದು ಗೆರೆ ಎಳೆ ಎಂದರೆ, ತಿಂಗಳಲ್ಲಿ ಇಪ್ಪತ್ತಾರು ಗೆರೆ ಎಳೆದು ತಂದಳು. ನಾಲ್ಕು ವರ್ಷದಿಂದ ಹೀಗೇ ಎಂದಳು. ಗುಳಿಗೆ ಅತಿಯಾದರೆ ಅದೇ ತಲೆನೋವು ತರುತ್ತದೆಂದು ವಿದ್ಯಾವತಿ ಎಲ್ಲೋ ಓದಿದ್ದಳು. ಸರಕಾರಿ ದವಾಖಾನೆಯ ಡಾಕ್ಟರಿಗೆ ಆ ಹಾಳೆ ತೋರಿಸು ಎಂದು ಕಳಿಸಿದಳು. ಅವರು ಗುಳಿಗೆ ಬಿಡಿಸಿದರು. ಎರಡು ವಾರ ಸಕ್ಕುಬಾಯಿ ವಿದ್ಯಾವತಿಯ ಹೆಸರು ಹಿಡಿದು ಬೈದಳು, ಮೂರನೆಯ ವಾರ ತಲೆ ಹಗುರವಾಯಿತೆಂದು ಒಂದು ಚೀಲ ಉಳ್ಳಾಗಡ್ಡಿ ತಂದಳು. ತಂದದ್ದು ಸುನೀಲನಿಗೆ, ಎಲುಬು ಕೂಡಿಸಿದ್ದಕ್ಕೆ.

ಸುನೀಲ ರಿಜಿಸ್ಟರು ನೋಡಿ ಒಂದು ವಿಚಿತ್ರ ಗಮನಿಸಿದ. ಭಾನುವಾರ ಬಂದ ತಲೆನೋವಿನವರಲ್ಲಿ ಬಹಳ ಮಂದಿ ಸುಧಾರಿಸುತ್ತಿದ್ದರು, ಬುಧವಾರದವರು ಹಾಗೆಯೇ ಇದ್ದರು. ಶನಿವಾರ ಸಂಜೆ ಬೇಗ ಮುಚ್ಚುವುದರಿಂದ ಭಾನುವಾರ ತನ್ನ ಕೈಗೆ ವಿಶ್ರಾಂತಿ ಸಿಕ್ಕಿರುತ್ತದೆ ಎಂದು ಅವನು ಅರ್ಥ ಮಾಡಿಕೊಂಡ. ಮಂಗಳವಾರ ದವಾಖಾನಿಗೆ ರಜೆ ಕೊಟ್ಟು ನೋಡಿದ. ಬುಧವಾರದವರು ಸುಧಾರಿಸಲಿಲ್ಲ.

ಹೆಸರು ಹಬ್ಬಿತು. ನವೆಂಬರಿನಲ್ಲಿ ಜೇವರ್ಗಿಯ ಒಂದು ಕಲ್ಯಾಣ ಮಂಟಪದಲ್ಲಿ ಶಿಬಿರ ಗೊತ್ತಾಯಿತು. ಸುನೀಲ ಬೆನ್ನುಮೂಳೆಯ ಬಗ್ಗೆ ಮಾತಾಡುವುದು, ವಿದ್ಯಾವತಿ ಐದು ನಿಮಿಷ ಅನುಭವ ಹೇಳುವುದು. ಐದು ನಿಮಿಷದ ಸುಳ್ಳನ್ನು ಹೇಗೆ ಹೇಳುವುದೆಂದು ಯೋಚಿಸಿ ಅವಳಿಗೆ ಹಿಂದಿನ ದಿನ ನಿದ್ದೆ ಬರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ತಿಂಡಿಯಾಗಲಿಲ್ಲ. ಜೀಪಿನ ಮುಂದಿನ ಸೀಟಿನಲ್ಲಿ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಅವಳ ನೋಟ್‌ಬುಕ್ಕಿನ ಪ್ರಕಾರ ಇನ್ನೇನೂ ಬಾಕಿಯಿರಲಿಲ್ಲ.

ವೇದಿಕೆ ಹತ್ತಿದಾಗ ಎದುರಿನ ಮಂದಿಯಲ್ಲಿ ಎಡಗಡೆಯ ಅರ್ಧ ಕಾಣಿಸಲಿಲ್ಲ. ಕೊರಳಿಗೆ ಮಲ್ಲಿಗೆ ಹಾರ ಬಿತ್ತು, ಅದರ ವಾಸನೆ ಮೂಗಿನಿಂದ ನೇರ ಹೊಟ್ಟೆಗಿಳಿಯಿತು. ಮೈಕು ಕೈಗೆ ಕೊಟ್ಟರು. ಅವಳು ಮೈಕನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ ನಿಂತಳು. ಸುನೀಲ ಗಾಬರಿಯಾಗಿ ಏಳುವಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಸುಭದ್ರಾಬಾಯಿ ಎದ್ದು ನಿಂತು, ಸೊಸೆಗೆ ಇವತ್ತು ಮೌನ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಸಭೆ ಮೆಲ್ಲಗೆ ಚಪ್ಪಾಳೆ ತಟ್ಟಿತು. ಮಾತಾಡಿದ್ದರೆ ಇಷ್ಟು ಪರಿಣಾಮವಾಗುತ್ತಿರಲಿಲ್ಲ. ಅಂದು ಹೆಸರು ಬರೆಸಲು ನಿಂತವರ ಸಾಲು ಗೇಟಿನವರೆಗೆ ಬೆಳೆಯಿತು.

ವೇದಿಕೆಯ ಹಿಂದೆ, ಅಡುಗೆಯವರ ಬಚ್ಚಲಿನ ಬಳಿ ಅವಳು ವಾಂತಿ ಮಾಡುತ್ತಿದ್ದುದನ್ನು ಸುನೀಲ ನೋಡಿದ. ಗುಳಿಗೆ ಏನಾದರೂ ಇದೆಯೇ ಎಂದು ಅವಳ ಚೀಲ ತಡಕಾಡಿದ. ಕೈಗೆ ಸಿಕ್ಕಿದ್ದು ನೋಟ್‌ಬುಕ್ಕು. ಅವನು ಕುರ್ಚಿಯೊಂದರ ಮೇಲೆ ಕೂತು ಮೊದಲಿನಿಂದ ಓದಿದ. ಬ್ಯಾನರ್ ಎದ್ದ ಮೇಲೆ ನೋವು ಬಂದ ದಿನಗಳು ಐವತ್ತಕ್ಕೂ ಹೆಚ್ಚು. ಐದು ಕಡೆ ಸುನೀಲ ಕುತ್ತಿಗೆ ತಿರುಗಿಸಿದ, ವ್ಯತ್ಯಾಸವಿಲ್ಲ ಎಂಬ ಸಾಲು. ಆಮೇಲೆ ಎಲ್ಲ ಕಡೆ ಸುನೀಲನಿಗೆ ಹೇಳಲಿಲ್ಲ ಎಂಬ ಸಾಲು. ಹಿಂದಿನ ಹಾಳೆಗಳಲ್ಲಿ ಖಮರ, ಸಕ್ಕುಬಾಯಿ ಮತ್ತು ಇನ್ನೂ ಹದಿನೇಳು ಮಂದಿಯ ಹೆಸರು, ವಿವರ. ಅವನ ರಿಜಿಸ್ಟರಿನಲ್ಲಿ ಗುಣವಾದವರೆಲ್ಲ ಇಲ್ಲಿದ್ದರು.

ಊರಿಗೆ ಮರಳಿದ ಮೇಲೆ ಸುನೀಲ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಇವನಿಗೂ ಶುರುವಾಯಿತೇ ಎಂದು ಸುಭದ್ರಾಬಾಯಿಗೆ ಚಿಂತೆಯಾಯಿತು. ಮೂರನೆಯ ದಿನ ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ವೈನಿ, ನೀವು ನನಗ ಒಂದು ಮಾತು ಹೇಳಬೇಕಿತ್ತಲ್ರಿ."

"ಐದು ಸಲ ಹೇಳೀನಪ್ಪ," ಎಂದಳು ವಿದ್ಯಾವತಿ. "ಐದೂ ಸಲ ಕುತ್ತಿಗಿ ತಿರುವಿದಿ. ಆರನೇದಕ್ಕ ನನಗ ಧೈರ್ಯ ಸಾಲಲಿಲ್ಲ."

ಅವನು ನಗಲಿಲ್ಲ. ಕಣ್ಣು ತುಂಬಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತ. ಅವಳು ಒಂದು ರೊಟ್ಟಿ, ಹಿಂಡಿ ಪಲ್ಯ ಅವನ ಮುಂದಿಟ್ಟಳು. ಎರಡು ದಿನದಿಂದ ಅವನು ಊಟವನ್ನೂ ಸರಿಯಾಗಿ ಮಾಡಿರಲಿಲ್ಲ, ತಲೆನೋವು ಬರಲು ಅಷ್ಟು ಸಾಕು.

ಮುಂದಿನ ವಾರ ಅವಳನ್ನು ಕಲಬುರಗಿಯ ನರರೋಗದ ಡಾಕ್ಟರ ಬಳಿ ಕರೆದೊಯ್ದವನು ಸುನೀಲನೇ. ಆ ಡಾಕ್ಟರಮ್ಮ ನೋಟ್‌ಬುಕ್ಕನ್ನು ಹಾಳೆ ಬಿಡದೆ ತಿರುವಿ, ಇದನ್ನು ಇಡಲು ಯಾರು ಹೇಳಿದರು ಎಂದು ಕೇಳಿದರು. ಇದು ಬರೀ ತಲೆನೋವಲ್ಲ, ಮೆದುಳು ಬೇಗನೆ ಕೆರಳುವ ಕಾಯಿಲೆ, ಹೆಚ್ಚಾಗಿ ಮನೆತನದಲ್ಲೇ ಹರಿದು ಬರುತ್ತದೆ, ಪೂರ್ತಿ ಹೋಗುತ್ತದೆಂದು ಹೇಳಲಾರೆ, ಹಿಡಿತಕ್ಕೆ ತರಬಹುದು ಎಂದರು. ನೋವು ಬರುವ ಮೊದಲೇ ತಡೆಯಲು ದಿನಕ್ಕೊಂದು ಗುಳಿಗೆ ಬರೆದರು. ಕುತ್ತಿಗೆ ಬಿಗಿಯುವುದೂ ಬಹಳ ಸಲ ಆ ನೋವಿನದೇ ಭಾಗ, ಕುತ್ತಿಗೆಯಿಂದ ನೋವು ಹುಟ್ಟಿದ್ದಲ್ಲ. ಮೆತ್ತಗೆ ತಿಕ್ಕಿ ಸಡಿಲಿಸಿದರೆ ಸಮಾಧಾನ ಸಿಗಬಹುದು, ಆದರೆ ಸರಕ್ಕನೆ ತಿರುಗಿಸುವುದು ಬೇಡ, ಅಪರೂಪಕ್ಕೆ ಮೆದುಳಿಗೆ ಹೋಗುವ ರಕ್ತನಾಳಕ್ಕೇ ಪೆಟ್ಟಾಗುತ್ತದೆ ಎಂದರು. ಪುಣೆಯಲ್ಲಿ ಇದರ ಬಗ್ಗೆ ಒಂದು ಪಾಠವಿದ್ದದ್ದು ಸುನೀಲನಿಗೆ ನೆನಪಾಯಿತು. ಊಟಕ್ಕೆ ಬಿಡುವ ಮುಂಚಿನ ಅರ್ಧ ತಾಸು, ಅವನ ಕಣ್ಣು ಗಡಿಯಾರದ ಮೇಲಿದ್ದದ್ದು.

ಅವನು ಕುತ್ತಿಗೆ ತಿರುಗಿಸುವುದನ್ನು ಬಿಟ್ಟ, ಬ್ಯಾನರ್ ತೆಗೆಸಿದ. ಈಗ ಬಂದವರ ಕಥೆ ಕೇಳುತ್ತಾನೆ, ಭುಜ ಬೆನ್ನು ಮೆತ್ತಗೆ ಒತ್ತುತ್ತಾನೆ, ವ್ಯಾಯಾಮ ಹೇಳಿಕೊಡುತ್ತಾನೆ, ತಲೆನೋವಿನವರಿಗೆ ನೋಟ್‌ಬುಕ್ಕು ಕೊಡುತ್ತಾನೆ. ಗಿರಾಕಿ ಅರ್ಧಕ್ಕಿಳಿದಿದೆ. ಕಟಕ್ ಅನ್ನದಿದ್ದರೆ ಅದೆಂಥ ಇಲಾಜು ಎಂದು ಕೆಲವರು ಬೇರೆ ಊರಿಗೆ ಹೋಗುತ್ತಾರೆ. ಉಳಿದವರಲ್ಲಿ ಬುಧವಾರದವರೂ ಸುಧಾರಿಸುತ್ತಿದ್ದಾರೆ ಎಂಬುದು ಅವನ ರಿಜಿಸ್ಟರಿಗೆ ಮಾತ್ರ ಗೊತ್ತು. ವಿದ್ಯಾವತಿಗೆ ತಿಂಗಳಿಗೆ ಎರಡು ಮೂರು ಸಲ ಬರುತ್ತದೆ. ಬಂದಾಗ ತಲೆನೋವು ಎಂದೇ ಹೇಳಿ, ತನ್ನ ಕೋಣೆಯಲ್ಲೇ ಮಲಗುತ್ತಾಳೆ. ಅನೀಲಕುಮಾರ ಬಾಗಿಲು ತೆರೆಯುತ್ತಾನೆ, ಆದರೆ ಕೇಳುವುದಿಲ್ಲ, ನೀರಿಟ್ಟು ಹೋಗುತ್ತಾನೆ.

ಅವಳು ಮೌನ ಬಿಟ್ಟಿದ್ದು ಓಣಿಗೆ ಬೇಸರ ತಂದಿತು. ಆದರೆ ಅದರ ಸುದ್ದಿ ಆಗಲೇ ಜೇವರ್ಗಿಯ ಕಡೆಯೆಲ್ಲ ಹರಡಿತ್ತು. ಸಂಕ್ರಾಂತಿಯ ನಂತರ ಅಂದೋಲಾದಿಂದ ರುಕ್ಮಿಣಿಬಾಯಿ ಎಂಬ ಮೂವತ್ತರ ಹೆಂಗಸು ಎರಡು ಬಸ್ಸು ಬದಲಿಸಿ ಬಂದು, ಶಿಬಿರದಲ್ಲಿ ನೋಡಿದ್ದೇನೆ, ನನಗೂ ಮೌನ ಕೊಡಿ ಎಂದು ಸುಭದ್ರಾಬಾಯಿಯ ಎದುರು ಕೂತಳು. ಮನೆಯಲ್ಲಿ ಏನು ಹೇಳಿದರೂ ನಂಬುವುದಿಲ್ಲ, ಇದಾದರೆ ನಂಬುತ್ತಾರೆ ಎಂದಳು. ಸುಭದ್ರಾಬಾಯಿ ಸೊಸೆಯ ಮುಖ ನೋಡಿದರು. ಆಮೇಲೆ ಸೊಸೆಯೊಬ್ಬಳಿಗೆ ಬಿಟ್ಟು ಈವರೆಗೆ ಯಾರಿಗೂ ಹೇಳದ್ದನ್ನು ಹೇಳಿದರು.

"ಅದು ಮೌನ ಅಲ್ಲವ್ವ. ತಲಿನೋವು. ನಂದೂ ತಲಿನೋವು, ಇಕಿದೂ ತಲಿನೋವು."

ರುಕ್ಮಿಣಿಬಾಯಿ ಬೆರಗಾಗಿ ನೋಡಿದಳು. ಇಷ್ಟು ದೊಡ್ಡ ಸಾಧನೆ ಮಾಡಿಯೂ ತಮ್ಮನ್ನು ಇಷ್ಟು ಸಣ್ಣವರನ್ನಾಗಿ ಮಾಡಿಕೊಂಡು ಮಾತಾಡುವವರನ್ನು ಅವಳು ಕಂಡಿರಲಿಲ್ಲ. ಎದ್ದು ಅವರ ಪಾದ ಮುಟ್ಟಿ ನಮಸ್ಕರಿಸಿದಳು. ಸುಭದ್ರಾಬಾಯಿ ಮತ್ತೆರಡು ಸಲ ಬಿಡಿಸಿ ಹೇಳಿದರು; ಅವಳ ಭಕ್ತಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಕೊನೆಗೆ ವಿದ್ಯಾವತಿ ಒಂದು ಹೊಸ ನೋಟ್‌ಬುಕ್ಕು ತಂದು ಅವಳ ಚೀಲದಲ್ಲಿಟ್ಟು, ದಿನಾ ಬರೆಯಬೇಕು, ತಪ್ಪಿಸಬಾರದು ಎಂದು ಟೀಚರ ದನಿಯಲ್ಲಿ ಹೇಳಿ ಕಳಿಸಿದಳು.

ಒಂದು ತಿಂಗಳಿಗೆ ರುಕ್ಮಿಣಿಬಾಯಿ ಮತ್ತೆ ಬಂದಳು. ಪುಸ್ತಕದ ಪ್ರತಿ ಹಾಳೆಯಲ್ಲೂ ಮೇಲಿನಿಂದ ಕೆಳಗಿನವರೆಗೆ ದುಂಡಗಿನ ಅಕ್ಷರದಲ್ಲಿ ಓಂ ನಮಃ ಶಿವಾಯ ಎಂದು ಬರೆದಿದ್ದಳು. ವಿದ್ಯಾವತಿ ನಿಟ್ಟುಸಿರು ಬಿಟ್ಟು ಮುಚ್ಚಬೇಕೆಂದಿದ್ದಳು. ಆಗ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಬರಹ ಕಂಡಿತು: ಸೋಮವಾರ, ಹೊಲದಿಂದ ಬಂದ ಮೇಲೆ. ಗುರುವಾರ, ಬೆಳಗಿನಿಂದ. ಶುಕ್ರವಾರ, ಅದೇ. ಅಂಚನ್ನು ಪೂರ್ತಿ ಓದಿ ಮುಗಿಸಿ, ಅವಳು ಕಲಬುರಗಿಯ ಡಾಕ್ಟರಮ್ಮನಿಗೆ ಫೋನು ಹಚ್ಚಿದಳು.